ಮನೆ ಕೊಳ್ಳುವವನ ತಕ್ಕಡಿ

ಮನೆಯು ಅಲ್ಲಾಹನ ದೊಡ್ಡ ಅನುಗ್ರಹಗಳಲ್ಲೊಂದು. ಮನುಷ್ಯನಿಗೆ ಅವನ ಮನೆಯನ್ನು ನೆಮ್ಮದಿಯ ತಾಣವನ್ನಾಗಿ ಮಾಡಿಕೊಟ್ಟವನು ಅಲ್ಲಾಹನೇ ಎಂದು ಪವಿತ್ರ ಕುರ್‌ಆನ್ ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತದಲ್ಲಿ ನೆನಪಿಸುತ್ತದೆ. ವಿಶಾಲವಾದ ಮನೆಯನ್ನೂ ಒಳ್ಳೆಯ ನೆರೆಯವರನ್ನೂ ಪ್ರವಾದಿ ಮುಹಮ್ಮದ್(ಸ)ರವರು ಮನುಷ್ಯನ ಸೌಭಾಗ್ಯಗಳ ಸಾಲಿನಲ್ಲಿ ಎಣಿಸಿದ್ದಾರೆ.

ಈ ನೆಮ್ಮದಿಗಾಗಿ ನಮ್ಮ ಕುಟುಂಬಗಳು ತೆರುವ ಬೆಲೆ ಸಣ್ಣದಲ್ಲ. ಅರಸೀಕೆರೆಯ ಕೊಬ್ಬರಿ ವ್ಯಾಪಾರದಲ್ಲಿ ಮೂವತ್ತು ವರ್ಷ ದುಡಿದವನ ಉಳಿತಾಯ, ಬೇಲೂರು ಸೀಮೆಯ ಕಾಫಿ ತೋಟಗಳಲ್ಲಿ ಬೆವರು ಸುರಿಸಿದವನ ಕೂಡಿಟ್ಟ ಹಣ, ಮಗ ಗಲ್ಫ್‌ನಿಂದ ಕಳುಹಿಸಿದ ರಿಯಾಲು, ಹೆಂಡತಿಯ ಬಳೆ, ತಾಯಿಯ ಸರ ಇವೆಲ್ಲವೂ ಸೇರಿ ಒಂದು ದಿನ ಒಂದು ಕ್ರಯಪತ್ರದ ಮೇಲೆ ಬಂದು ನಿಲ್ಲುತ್ತವೆ. ಇಷ್ಟೊಂದು ಹಣವನ್ನು ನಾವು ಯಾವ ಲೆಕ್ಕದ ಮೇಲೆ ಕೊಡುತ್ತೇವೆ?

ಹೆಚ್ಚಿನ ಸಂದರ್ಭಗಳಲ್ಲಿ ಲೆಕ್ಕವೇ ಇರುವುದಿಲ್ಲ. ಮಾರುವವನು 45 ಲಕ್ಷ ಎನ್ನುತ್ತಾನೆ. ಕೊಳ್ಳುವವನು 35 ಎನ್ನುತ್ತಾನೆ. ದಲ್ಲಾಳಿಯು ಇಬ್ಬರ ನಡುವೆ ಓಡಾಡಿ 40ಕ್ಕೆ ತಂದು ನಿಲ್ಲಿಸುತ್ತಾನೆ. ಐದು ಲಕ್ಷ ಉಳಿಸಿದೆನೆಂದು ಕೊಂಡವನು ಹಿಗ್ಗುತ್ತಾನೆ. ಆದರೆ ಆ ಮನೆ ನಿಜವಾಗಿ 32 ಲಕ್ಷದ್ದಾಗಿದ್ದರೆ? ಅಥವಾ 50 ಲಕ್ಷದ್ದಾಗಿದ್ದು, ಮಾರಿದವಳು ಕಷ್ಟದಲ್ಲಿದ್ದ ವಿಧವೆಯಾಗಿದ್ದರೆ? ಮೊದಲನೆಯದರಲ್ಲಿ ಕೊಂಡವನು ತನ್ನ ಮಕ್ಕಳ ಹಣವನ್ನು ಕಳೆದಿದ್ದಾನೆ. ಎರಡನೆಯದರಲ್ಲಿ ಬೇರೊಬ್ಬರ ಮಕ್ಕಳ ಹಣವನ್ನು ಮನೆಗೆ ತಂದಿದ್ದಾನೆ. ಎರಡೂ ಕಡೆ ಅವನಿಗೆ ತಾನು ಮಾಡಿದ್ದೇನೆಂಬುದು ಗೊತ್ತಿಲ್ಲ.

ಮನೆಯ ಬೆಲೆಯ ಕುರಿತು ಬಾಯಿ ತೆರೆಯುವ ಮೊದಲೇ ಅದರ ನ್ಯಾಯವಾದ ಬೆಲೆಯೆಷ್ಟೆಂದು ತಿಳಿದುಕೊಳ್ಳುವುದು ಜಾಣತನದ ಮಾತಷ್ಟೇ ಅಲ್ಲ, ಅದೊಂದು ಧಾರ್ಮಿಕ ಹೊಣೆ. ಹಾಗೆ ತಿಳಿದುಕೊಂಡ ಬೆಲೆಯು ನಮ್ಮನ್ನು ಎರಡೂ ಕಡೆಯಿಂದ ಕಟ್ಟಿಹಾಕುತ್ತದೆ. ಅದಕ್ಕಿಂತ ಬಹಳ ಹೆಚ್ಚು ಕೊಡಬಾರದು, ಅದಕ್ಕಿಂತ ಬಹಳ ಕಡಿಮೆಗೆ ಕಸಿದುಕೊಳ್ಳಲೂ ಬಾರದು.

ಒಪ್ಪಿಗೆಯೊಂದೇ ಸಾಕೇ?

ಕೆಲವರು ಕೇಳಬಹುದು: ಇಬ್ಬರೂ ಮನಸಾರೆ ಒಪ್ಪಿದ ಬೆಲೆಯೇ ನ್ಯಾಯವಾದ ಬೆಲೆಯಲ್ಲವೇ? ಮದೀನಾದಲ್ಲಿ ಧಾರಣೆ ಏರಿದಾಗ ಬೆಲೆ ನಿಗದಿಪಡಿಸುವಂತೆ ಜನರು ಕೇಳಿಕೊಂಡರೂ ಪ್ರವಾದಿ(ಸ)ರವರು ಅದಕ್ಕೆ ಒಪ್ಪಲಿಲ್ಲವಲ್ಲ?

ಪ್ರಶ್ನೆ ಸರಿಯಾದುದೇ. ಪರಸ್ಪರ ಸಮ್ಮತಿಯ ವ್ಯಾಪಾರವನ್ನು ಕುರ್‌ಆನ್ (ಅನ್ನಿಸಾ: 29) ಧರ್ಮಬದ್ಧವೆಂದು ಸಾರಿದೆ. ಮಾರುಕಟ್ಟೆಯ ಬೆಲೆಯನ್ನು ಬಲವಂತದಿಂದ ಕಟ್ಟಿಹಾಕಲು ಪ್ರವಾದಿ(ಸ)ರವರು ನಿರಾಕರಿಸಿದ್ದೂ ನಿಜ. ಯಾರ ಮೇಲೂ ಅನ್ಯಾಯವಾದ ಹೊರೆಯೊಡನೆ ಅಲ್ಲಾಹನನ್ನು ಭೇಟಿಯಾಗಲು ತಾವು ಬಯಸುವುದಿಲ್ಲವೆಂಬುದು ಅವರು ಕೊಟ್ಟ ಕಾರಣದ ಸಾರ. ಆದರೆ ಅದೇ ಪ್ರವಾದಿ(ಸ)ರವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದರು. ಮೇಲೆ ಒಣಗಿದ್ದು ಒಳಗೆ ನೆನೆದಿದ್ದ ಧಾನ್ಯವನ್ನು ಕಂಡು, ಅದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಂಡರು. ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ದೋಷಗಳನ್ನು ಬಿಚ್ಚಿಟ್ಟರೆ ಅವರ ವ್ಯಾಪಾರದಲ್ಲಿ ಬರಕತ್ ಇರುವುದೆಂದೂ, ಸುಳ್ಳಾಡಿ ಮುಚ್ಚಿಟ್ಟರೆ ಆ ಬರಕತ್ ಅಳಿಸಿಹೋಗುವುದೆಂದೂ ಹಝ್ರತ್ ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ ಹದೀಸ್‌ನಲ್ಲಿದೆ.

ಅಂದರೆ ಬೆಲೆಯನ್ನು ಜನರಿಗೇ ಬಿಟ್ಟ ಇಸ್ಲಾಮ್, ಆ ಬೆಲೆಗೆ ಬರುವ ದಾರಿಯನ್ನು ಬೇಲಿ ಹಾಕಿ ಕಾದಿದೆ. ತಿಳಿಯದೆ ಕೊಟ್ಟ ಒಪ್ಪಿಗೆ ಅರ್ಧ ಒಪ್ಪಿಗೆ ಮಾತ್ರ.

ಐದರಲ್ಲೊಂದು ಭಾಗ

ಫಿಕ್ಹ್ ಪಂಡಿತರು ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ವಿಚಾರ ಮಾಡಿದ್ದಾರೆ. ವಸ್ತುವಿನ ನಿಜ ಬೆಲೆಗೂ ಕೊಟ್ಟ ಬೆಲೆಗೂ ನಡುವಿನ ನಷ್ಟವನ್ನು ಅವರು 'ಗಬ್ನ್' ಎಂದು ಕರೆದರು. ಅದರಲ್ಲಿ ಎರಡು ಬಗೆ. ವ್ಯಾಪಾರದಲ್ಲಿ ಸಹಜವಾದ ಅಲ್ಪ ವ್ಯತ್ಯಾಸ ಒಂದು. ಅತಿಯಾದ ನಷ್ಟ, ಅಂದರೆ 'ಗಬ್ನ್ ಫಾಹಿಶ್' ಇನ್ನೊಂದು. ಇವೆರಡರ ನಡುವಿನ ಗೆರೆ ಯಾವುದು? ಬೆಲೆಕಟ್ಟಲು ಬಲ್ಲ ಹಲವರನ್ನು ಕೇಳಿದಾಗ ಅವರಲ್ಲಿ ಯಾರೊಬ್ಬರ ಅಂದಾಜಿನೊಳಗೂ ಬಾರದ ಬೆಲೆಯೇ ಗಬ್ನ್ ಫಾಹಿಶ್ ಎಂದು ಹನಫೀ ಪಂಡಿತರು ವಿವರಿಸಿದರು.

ಉಸ್ಮಾನಿಯಾ ಸಾಮ್ರಾಜ್ಯದಲ್ಲಿ 1869ರಿಂದ 1876ರ ಅವಧಿಯಲ್ಲಿ ಹನಫೀ ಫಿಕ್ಹ್‌ನ ಆಧಾರದ ಮೇಲೆ ಸಿದ್ಧವಾದ 'ಮಜಲ್ಲ' ಎಂಬ ಕಾನೂನು ಸಂಹಿತೆಯು ಇದಕ್ಕೆ ಅಂಕಿಗಳನ್ನೇ ಕೊಟ್ಟಿತು. ಅದರ 165ನೇ ವಿಧಿಯ ಪ್ರಕಾರ ಸಾಮಾನು ಸರಕಿನಲ್ಲಿ ಇಪ್ಪತ್ತರಲ್ಲೊಂದು ಭಾಗ, ಜಾನುವಾರುಗಳಲ್ಲಿ ಹತ್ತರಲ್ಲೊಂದು ಭಾಗ, ಮನೆ ಜಮೀನಿನಂತಹ ಸ್ಥಿರಾಸ್ತಿಯಲ್ಲಿ ಐದರಲ್ಲೊಂದು ಭಾಗ ಅಥವಾ ಅದಕ್ಕಿಂತ ಹೆಚ್ಚಿನ ನಷ್ಟವಾದರೆ ಅದು ಗಬ್ನ್ ಫಾಹಿಶ್. ಮನೆಗೆ ಹೆಚ್ಚು ಸಡಿಲಿಕೆ ಏಕೆ? ಅಕ್ಕಿಗೆ ದಿನವೂ ಧಾರಣೆಯಿದೆ. ಮನೆಗೆ ಇಲ್ಲ. ಒಂದೇ ಬೀದಿಯ ಎರಡು ಮನೆಗಳು ಒಂದೇ ಬೆಲೆಯವಲ್ಲ. ಆದ್ದರಿಂದ ಅಂದಾಜಿನಲ್ಲಿ ತಪ್ಪಲು ಜಾಗ ಹೆಚ್ಚು ಬಿಡಬೇಕು.

ಇದನ್ನು ಇಂದಿನ ನ್ಯಾಯಾಲಯದ ಕಾನೂನೆಂದು ನಾನು ಹೇಳುತ್ತಿಲ್ಲ. ಮೋಸವಿಲ್ಲದೆ ಕೇವಲ ನಷ್ಟವಾದ ಮಾತ್ರಕ್ಕೆ ವ್ಯವಹಾರ ರದ್ದಾಗುವುದೇ ಎಂಬುದರಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ಆದರೆ ಮನೆ ಕೊಳ್ಳಹೊರಟ ಸಾಮಾನ್ಯ ಮನುಷ್ಯನಿಗೆ ಇದೊಂದು ಚೆನ್ನಾದ ಅಳತೆಗೋಲು. ಆ ಕೋಲನ್ನು ಹಿಡಿಯಬೇಕಾದರೆ ಮೊದಲು ನಿಜ ಬೆಲೆಯನ್ನು ಅಂದಾಜು ಮಾಡಲು ಬರಬೇಕು.

ಅಂದಾಜು ಮಾಡುವ ದಾರಿ

ಮೊದಲನೆಯ ದಾರಿ, ಸುತ್ತಮುತ್ತ ನಡೆದ ಮಾರಾಟಗಳು. ಜನರು ಕೇಳುತ್ತಿರುವ ಬೆಲೆಗಳು ಇಲ್ಲಿ ಲೆಕ್ಕಕ್ಕಿಲ್ಲ. ನಿಜವಾಗಿ ಕೈಬದಲಾದ ಬೆಲೆಗಳು ಬೇಕು. ಅದೇ ಬಡಾವಣೆಯಲ್ಲಿ ಕಳೆದ ಎರಡು ವರ್ಷಗಳಲ್ಲಿ ಮಾರಾಟವಾದ ಮೂರು ನಾಲ್ಕು ಮನೆಗಳನ್ನು ಹುಡುಕಿ, ಕೊಂಡವರನ್ನೂ ಮಾರಿದವರನ್ನೂ ಕೇಳಬೇಕು. ನೋಂದಣಿ ಇಲಾಖೆಯಿಂದ ಪಡೆಯುವ ಋಣಭಾರ ಪತ್ರದಲ್ಲಿ ಕ್ರಯದ ಮೊತ್ತವೂ ನಮೂದಾಗಿರುತ್ತದೆ. ಆದರೆ ಅದನ್ನೊಂದನ್ನೇ ನಂಬುವಂತಿಲ್ಲ. ಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು ಬೆಲೆ ಎಂಬ ಕೆಟ್ಟ ರೂಢಿಯು ಎಷ್ಟೋ ಕಡೆ ಪತ್ರದ ಅಂಕಿಯನ್ನೇ ಸುಳ್ಳಾಗಿಸಿದೆ.

ಸರ್ಕಾರದ ಮಾರ್ಗಸೂಚಿ ದರದ ವಿಷಯವೂ ಹೀಗೆಯೇ. ಕಾವೇರಿ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ನೋಡಬಹುದು. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರಗಳು ಜಾರಿಗೆ ಬಂದವು. ಆದರೆ ಅದು ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಹಾಕಿದ ಕನಿಷ್ಠ ಗೆರೆಯೇ ಹೊರತು ನಿಮ್ಮ ಮನೆಯನ್ನು ಯಾರೋ ನೋಡಿ ಕಟ್ಟಿದ ಬೆಲೆಯಲ್ಲ. ಒಂದು ಬೀದಿಗೆಲ್ಲ ಒಂದೇ ದರ ಹಾಕುವ ಪಟ್ಟಿಗೆ ಸೋರುವ ತಾರಸಿ ಕಾಣುವುದಿಲ್ಲ, ಸಿಹಿನೀರಿನ ಬಾವಿಯೂ ಕಾಣುವುದಿಲ್ಲ.

ಎರಡನೆಯ ದಾರಿ, ನೆಲವನ್ನೂ ಕಟ್ಟಡವನ್ನೂ ಬೇರೆಬೇರೆಯಾಗಿ ಎಣಿಸುವುದು. ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಉದಾಹರಣೆ ಹೇಳುತ್ತೇನೆ; ಇದು ಯಾವ ಊರಿನ ದರವೂ ಅಲ್ಲ. 30x40 ನಿವೇಶನ, ಅಂದರೆ 1,200 ಚದರ ಅಡಿ. ಆ ಬೀದಿಯಲ್ಲಿ ಖಾಲಿ ನಿವೇಶನ ಅಡಿಗೆ 1,800 ರೂಪಾಯಿಯಂತೆ ಹೋಗಿದ್ದರೆ ನೆಲದ ಬೆಲೆ 21.6 ಲಕ್ಷ. ಅದರಲ್ಲಿ ಒಂಬತ್ತು ಚದರದ, ಅಂದರೆ 900 ಚದರ ಅಡಿಯ ತಾರಸಿ ಮನೆ. ಇಂದು ಅಂಥದ್ದನ್ನೇ ಕಟ್ಟಲು ಅಡಿಗೆ 2,000 ರೂಪಾಯಿಯಾದರೆ 18 ಲಕ್ಷ ಬೇಕು. ಆದರೆ ಮನೆ ಹೊಸದಲ್ಲ, ಕಟ್ಟಿ 20 ವರ್ಷವಾಗಿದೆ. ಒಳ್ಳೆಯ ತಾರಸಿ ಮನೆಗೆ 60 ವರ್ಷ ಆಯುಸ್ಸೆಂದು ಹಿಡಿದರೆ ಮೂರರಲ್ಲೊಂದು ಭಾಗ ಸವೆದಿದೆ. ಉಳಿದದ್ದು 12 ಲಕ್ಷ. ಒಟ್ಟು 33.6 ಲಕ್ಷ. ಮಾಡಿಸಲೇಬೇಕಾದ ರಿಪೇರಿಯಿದ್ದರೆ ಅದರ ಖರ್ಚನ್ನು ಇದರಿಂದ ಕಳೆಯಬೇಕು.

ಈಗ ಮಾರುವವರು 42 ಲಕ್ಷ ಕೇಳುತ್ತಿದ್ದಾರೆಂದು ಹಿಡಿಯಿರಿ. 33.6ರ ಐದರಲ್ಲೊಂದು ಭಾಗ 6.72. ಎರಡೂ ಕೂಡಿದರೆ 40.32 ಲಕ್ಷ. ಕೇಳಿದ ಬೆಲೆಯು ಆ ಗೆರೆಯನ್ನೂ ದಾಟಿದೆ. ಇಲ್ಲಿ 40 ಲಕ್ಷಕ್ಕೆ ಇಳಿಸಿ ಗೆದ್ದೆನೆನ್ನುವವನು ಸೋತೇ ಇದ್ದಾನೆ. ಇದೇ ಲೆಕ್ಕವನ್ನು ಹಳೆಯ ಹೆಂಚಿನ ಮನೆಗೆ, ಮಣ್ಣಿನ ಗೋಡೆಯ ಮನೆಗೆ ಹಾಕಿದರೆ ಕಟ್ಟಡದ ಪಾಲು ಬಹುತೇಕ ಇಲ್ಲವಾಗುತ್ತದೆ. ಅಲ್ಲಿ ನೀವು ಕೊಳ್ಳುತ್ತಿರುವುದು ನೆಲವನ್ನು. ನೆಲದ ಬೆಲೆಯನ್ನೇ ಕೊಡಿ.

ಮೂರನೆಯ ದಾರಿ, ಬಾಡಿಗೆ. ಆ ಮನೆಗೆ ತಿಂಗಳಿಗೆ 8,000 ರೂಪಾಯಿ ಬಾಡಿಗೆ ಬರುವುದಾದರೆ ವರ್ಷಕ್ಕೆ 96,000. 33.6 ಲಕ್ಷವೆಂದರೆ 35 ವರ್ಷಗಳ ಬಾಡಿಗೆ. 42 ಲಕ್ಷವೆಂದರೆ ಸುಮಾರು 44 ವರ್ಷಗಳದ್ದು. ಅದೇ ಊರಿನ ಬೇರೆ ಮನೆಗಳು 35 ವರ್ಷಗಳ ಬಾಡಿಗೆಗೆ ಮಾರಾಟವಾಗುತ್ತಿದ್ದರೆ, ಇದೊಂದಕ್ಕೆ ಒಂಬತ್ತು ವರ್ಷ ಹೆಚ್ಚು ಏಕೆಂದು ಕೇಳುವ ಹಕ್ಕು ನಿಮಗಿದೆ.

ಮೂರು ದಾರಿಗಳೂ ಹತ್ತಿರ ಹತ್ತಿರದ ಅಂಕಿಗೆ ಬಂದರೆ ಅದನ್ನು ನ್ಯಾಯವಾದ ಬೆಲೆಯೆಂದು ನಂಬಬಹುದು. ದೂರದೂರ ಉಳಿದರೆ ಯಾವುದೋ ಸಂಗತಿ ನಿಮಗಿನ್ನೂ ತಿಳಿದಿಲ್ಲವೆಂದು ಅರ್ಥ. ಇದರ ಮೇಲೆ ನೋಂದಣಿಯ ಖರ್ಚಿದೆ. ಪಟ್ಟಣಗಳಲ್ಲಿ ಮುದ್ರಾಂಕ ಶುಲ್ಕ ಮತ್ತು ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ ಶೇ. 5.6. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರ ಬದಲಿಗೆ ಶೇ. 2 ಆಗಿದೆ. 34 ಲಕ್ಷದ ಮನೆಗೆ ಇದೇ ಎರಡೂವರೆ ಲಕ್ಷ ದಾಟುತ್ತದೆ. ಬೆಲೆ ಹೇಳುವ ಮೊದಲೇ ಇದನ್ನು ಬದಿಗಿಡದವನು ಕೊನೆಯಲ್ಲಿ ಸಾಲಕ್ಕೆ ಕೈಚಾಚುತ್ತಾನೆ.

ನಮ್ಮ ಊರುಗಳ ವಿಶೇಷ

ಬೇಲೂರು ಮತ್ತು ಹಳೇಬೀಡುಗಳಲ್ಲಿ ಮನೆ ಕೊಳ್ಳುವವರು ಬೇರೆ ಊರಿನವರಿಗಿಲ್ಲದ ಒಂದು ಪ್ರಶ್ನೆಯನ್ನು ಕೇಳಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಸೋಮನಾಥಪುರದ ಕೇಶವ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ತಾಲ್ಲೂಕಿಗೆ ಸಂದ ಈ ಗೌರವಕ್ಕೆ ನಾವೆಲ್ಲರೂ ಹಕ್ಕುದಾರರು. ಆದರೆ ಗೌರವವು ದಲ್ಲಾಳಿಯ ಬಾಯಿಗೆ ಬಿದ್ದಾಗ ಬೆಲೆಯಾಗುತ್ತದೆ. ಪ್ರವಾಸಿಗರು ಬರುತ್ತಾರೆ, ಕೆಳಗೆ ಅಂಗಡಿ ಮೇಲೆ ಲಾಡ್ಜು ಕಟ್ಟಬಹುದು ಎಂಬ ಮಾತಿನ ಮೇಲೆ ದೇವಾಲಯದ ಹತ್ತಿರದ ಹಳೆಯ ಮನೆಗೆ ದುಬಾರಿ ಬೆಲೆ ಕೇಳಬಹುದು.

ಕಾನೂನು ಹೇಳುವುದೇ ಬೇರೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಮೇರೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ. ಅಲ್ಲಿ ಖಾಸಗಿಯವರು ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕಿಂತ ಮೊದಲಿದ್ದ ಕಟ್ಟಡವಾದರೆ ದುರಸ್ತಿಗೆ ಅನುಮತಿ ಕೇಳಬಹುದು. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಲೂ ದುರಸ್ತಿ ಮಾಡಲೂ ಮುಂಚಿತ ಅನುಮತಿ ಬೇಕು. ಈ ಅಳತೆ ಗೋಪುರದಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಆರಂಭವಾಗುತ್ತದೆ. ಹಳೇಬೀಡಿನಲ್ಲಿ ಕೇದಾರೇಶ್ವರ ದೇವಾಲಯವೂ ಬಸ್ತಿಹಳ್ಳಿಯ ಜೈನ ಬಸದಿಗಳೂ ಇರುವುದರಿಂದ ಇಂತಹ ವಲಯ ಒಂದೇ ಅಲ್ಲ. ಅರಸೀಕೆರೆಯ ಈಶ್ವರ ದೇವಾಲಯದ ಸುತ್ತಲೂ ಇದೇ ನಿಯಮ.

ಆದ್ದರಿಂದ ನೂರು ಮೀಟರಿನೊಳಗಿನ ಶಿಥಿಲ ಹೆಂಚಿನ ಮನೆಗೆ ಮೇಲಿನ ಎರಡನೆಯ ಲೆಕ್ಕ ಹಾಗೆಯೇ ಒಪ್ಪುವುದಿಲ್ಲ. ಕೆಡವಿ ಕಟ್ಟಲಾಗದ ನೆಲವು ಖಾಲಿ ನಿವೇಶನದ ಬೆಲೆಯದ್ದಲ್ಲ. ಅಂಥ ಮನೆಯನ್ನು ಇರುವಂತೆಯೇ ವಾಸಕ್ಕೆ ಕೊಳ್ಳುವುದಾದರೆ ಕೊಳ್ಳಬಹುದು; ಮೂರಂತಸ್ತಿನ ಕನಸಿಗೆ ಬೆಲೆ ಕೊಡಬಾರದು. ಮಾರುವವರೂ ಈ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು. ಇದನ್ನು ಮುಚ್ಚಿಡುವುದಕ್ಕೂ ನೆನೆದ ಧಾನ್ಯವನ್ನು ರಾಶಿಯ ಒಳಗೆ ಸೇರಿಸುವುದಕ್ಕೂ ವ್ಯತ್ಯಾಸವಿಲ್ಲ.

ಅರಸೀಕೆರೆಯ ಪ್ರಶ್ನೆಗಳು ಬೇರೆ. ಅದು ರೈಲ್ವೆ ಜಂಕ್ಷನ್, ಹೆದ್ದಾರಿಯ ಊರು. ನಿಲ್ದಾಣದ ಹತ್ತಿರವೆಂದು ಹೆಚ್ಚು ಕೇಳಿದರೆ ಅದರಲ್ಲಿ ಸತ್ಯಾಂಶವಿದೆ. ಆದರೆ ಮುಖ್ಯರಸ್ತೆಗೆ ಮುಖಮಾಡಿದ ಮನೆಯಾದರೆ ರಸ್ತೆ ಅಗಲೀಕರಣದಲ್ಲಿ ಎಷ್ಟು ಅಡಿ ಹೋಗಬಹುದೆಂದು ನಗರಸಭೆಯಲ್ಲಿ ವಿಚಾರಿಸದೆ ಅಳತೆಗೆ ಬೆಲೆ ಕಟ್ಟಬೇಡಿ. ಬಯಲುಸೀಮೆಯ ಅಂಚಿನ ಈ ಊರಿನಲ್ಲಿ ನೀರೇ ಮನೆಯ ಬೆಲೆ. ಕೊಳವೆಬಾವಿ ಇದೆ ಎಂಬ ಮಾತು ಸಾಲದು. ಅದರಲ್ಲಿ ಏಪ್ರಿಲ್ ತಿಂಗಳಲ್ಲಿ ನೀರು ಬರುವುದೇ ಎಂದು ಪಕ್ಕದ ಮನೆಯ ತಾಯಂದಿರನ್ನು ಕೇಳಬೇಕು. ಮನೆಯನ್ನು ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ಬೇಸಿಗೆಯಲ್ಲಿ ನೋಡಲು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಇನ್ನು ರೈಲು ಬರುತ್ತದೆ, ಕಾರ್ಖಾನೆ ಬರುತ್ತದೆ, ಬೈಪಾಸ್ ಬರುತ್ತದೆ ಎಂಬ ಮಾತುಗಳು ಮೂರೂ ಊರುಗಳಲ್ಲಿವೆ. ಬರುವುದು ಬಂದಾಗ ಬರಲಿ. ಇನ್ನೂ ಬಾರದ್ದಕ್ಕೆ ಇಂದೇ ಬೆಲೆ ತೆರುವುದು ಮನೆಯನ್ನು ಕೊಳ್ಳುವುದಲ್ಲ, ವದಂತಿಯನ್ನು ಕೊಳ್ಳುವುದು.

ಬಡ್ಡಿ ಬೇಡವೆಂದವನ ಹೆಚ್ಚಿನ ಹೊಣೆ

ಬ್ಯಾಂಕಿನಿಂದ ಸಾಲ ಪಡೆಯುವವನ ಮನೆಯನ್ನು ಬ್ಯಾಂಕು ತನ್ನ ಹಣದ ಭದ್ರತೆಗಾಗಿ ಪರಿಶೀಲಿಸುತ್ತದೆ. ಅದರ ವಕೀಲನು ಕಾಗದಪತ್ರ ನೋಡುತ್ತಾನೆ. ಅದರ ಎಂಜಿನಿಯರ್ ಬಂದು ಬೆಲೆ ಕಟ್ಟುತ್ತಾನೆ. ಬಡ್ಡಿಯು ಹರಾಮ್ ಎಂದು ದೂರವಿರುವ ಕುಟುಂಬವು ಆ ಸಾಲದ ಜೊತೆಗೆ ಈ ಎರಡು ಕಣ್ಣುಗಳನ್ನೂ ಬಿಟ್ಟುಕೊಡುತ್ತದೆ. ನಗದು ಇದೆ, ಇಂದೇ ಮುಗಿಸೋಣ ಎಂಬ ಅವಸರವೂ ಇಂಥವರಿಗೇ ಹೆಚ್ಚು. ಬಡ್ಡಿಯಿಂದ ದೂರವಿರುವುದು ಶ್ರೇಷ್ಠ ನಿರ್ಧಾರ. ಆದರೆ ಅದನ್ನು ಕೈಗೊಂಡವನು ತನ್ನ ಖರ್ಚಿನಲ್ಲೇ ಒಬ್ಬ ವಕೀಲರನ್ನೂ ಒಬ್ಬ ಎಂಜಿನಿಯರನ್ನೂ, ಕೊನೆಪಕ್ಷ ಒಬ್ಬ ಅನುಭವಿ ಗಾರೆ ಮೇಸ್ತ್ರಿಯನ್ನೂ ಕರೆದೊಯ್ಯಬೇಕು. ಕೆಲವು ಸಾವಿರ ಉಳಿಸಲು ಹೋಗಿ ಹಲವು ಲಕ್ಷ ಕಳೆಯುವುದು ತವಕ್ಕುಲ್ ಅಲ್ಲ.

ಇಸ್ತಿಖಾರದ ಕುರಿತೂ ಒಂದು ಮಾತು ಹೇಳಬೇಕು. ಇಸ್ತಿಖಾರ ನಮಾಝ್ ಮಾಡಿದೆ, ಮನಸ್ಸಿಗೆ ಒಳ್ಳೆಯದೆನಿಸಿತು, ಅಡ್ವಾನ್ಸ್ ಕೊಟ್ಟೆ ಎನ್ನುವವರಿದ್ದಾರೆ. ಅಲ್ಲಾಹನಲ್ಲಿ ಒಳಿತನ್ನು ಬೇಡುವುದು ಸುನ್ನತ್. ಬಲ್ಲವರೊಂದಿಗೆ ಸಮಾಲೋಚಿಸುವುದೂ ಅವನದೇ ಆದೇಶ. ಒಂದನ್ನು ಮಾಡಿ ಇನ್ನೊಂದನ್ನು ಬಿಡುವುದು ಸರಿಯಲ್ಲ.

ಅಗ್ಗದ ಮನೆಯೊಳಗಿನ ಕಣ್ಣೀರು

ದುಬಾರಿ ಬೆಲೆಯನ್ನು ಎಲ್ಲರೂ ಸಂಶಯಿಸುತ್ತಾರೆ. ಅಗ್ಗದ ಬೆಲೆಯನ್ನು ಸಂಶಯಿಸುವವರು ಕಡಿಮೆ. 34 ಲಕ್ಷದ ಮನೆ 24ಕ್ಕೆ ಸಿಗುತ್ತಿದ್ದರೆ, ಕಡಿಮೆಯಾದ ಆ ಹತ್ತು ಲಕ್ಷ ಯಾರದ್ದು ಎಂದು ಕೇಳಲೇಬೇಕು.

ಎಷ್ಟೋ ಸಲ ಅದು ಸಹೋದರಿಯರದ್ದು. ತಂದೆ ತೀರಿಕೊಂಡು ವರ್ಷಗಳಾಗಿವೆ. ಆಸ್ತಿ ವಿಭಾಗವಾಗಿಲ್ಲ. ಖಾತೆ ಅಣ್ಣನ ಹೆಸರಿನಲ್ಲಿದೆ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಇಲ್ಲ. ಅನ್ನಿಸಾ ಅಧ್ಯಾಯದಲ್ಲಿ ಅಲ್ಲಾಹನೇ ನಿಗದಿಪಡಿಸಿದ ಪಾಲನ್ನು ಕೊಡದೆ ಮಾರಲು ಹೊರಟವನು ಬೆಲೆ ಇಳಿಸಿ ಬೇಗ ಮುಗಿಸಲು ನೋಡುತ್ತಾನೆ. ತಿಳಿದೂ ಕೊಂಡವನು ಆ ಕಸಿತದಲ್ಲಿ ಪಾಲುದಾರ. ತಿಳಿಯದೆ ಕೊಂಡವನು ನಾಳೆ ನ್ಯಾಯಾಲಯದ ಮೆಟ್ಟಿಲೇರುತ್ತಾನೆ. ಆದ್ದರಿಂದ ವಂಶವೃಕ್ಷ, ಋಣಭಾರ ಪತ್ರ, ಹಿಂದಿನ ಕ್ರಯಪತ್ರಗಳು, ಪಟ್ಟಣದಲ್ಲಾದರೆ ಇ-ಖಾತೆ, ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತು ನಮೂನೆಗಳು, ಭೂಪರಿವರ್ತನೆಯ ಆದೇಶ ಇವೆಲ್ಲವನ್ನೂ ನೋಡಿದ ಮೇಲೆಯೇ ಬೆಲೆಯ ಮಾತು. ಮಸೀದಿ, ದರ್ಗಾಗಳ ಆಸುಪಾಸಿನ ಜಾಗವಾದರೆ ಅದು ವಕ್ಫ್ ಆಸ್ತಿಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ವಕ್ಫ್ ನೆಲಕ್ಕೆ ನ್ಯಾಯವಾದ ಬೆಲೆ ಎಂಬುದೇ ಇಲ್ಲ, ಅದು ಮಾರಾಟದ ವಸ್ತುವಲ್ಲ.

ಎಲ್ಲ ಕಾಗದವೂ ಸರಿಯಿದ್ದು, ಮಾರುವವರ ಕಷ್ಟದಿಂದಲೇ ಬೆಲೆ ಇಳಿದಿದ್ದರೆ? ಇಲ್ಲಿಯೇ ನಮ್ಮ ಈಮಾನ್‌ನ ನಿಜವಾದ ಪರೀಕ್ಷೆ. ಅಳತೆ ತೂಕವನ್ನು ಪೂರ್ಣವಾಗಿ ಕೊಡಬೇಕೆಂದೂ ಜನರ ವಸ್ತುಗಳ ಬೆಲೆಯನ್ನು ಕುಗ್ಗಿಸಬಾರದೆಂದೂ ಪ್ರವಾದಿ ಶುಐಬ್(ಅ)ರು ಮದ್‌ಯನ್ ಜನರಿಗೆ ಕೊಟ್ಟ ಎಚ್ಚರಿಕೆ ಕುರ್‌ಆನ್‌ನಲ್ಲಿದೆ (ಅಲ್‌ಅಅರಾಫ್: 85). ಈ ಕುಗ್ಗಿಸುವಿಕೆಗೆ ಅಲ್ಲಿರುವ ಪದ 'ಬಖ್ಸ್'. ಪ್ರವಾದಿ ಯೂಸುಫ್(ಅ)ರನ್ನು ಎಣಿಕೆಯ ಕೆಲವೇ ದಿರ್ಹಮ್‌ಗಳಿಗೆ ಮಾರಿದ ಆ ತುಚ್ಛ ಬೆಲೆಯನ್ನು ಹೇಳುವಾಗಲೂ ಕುರ್‌ಆನ್ (ಯೂಸುಫ್: 20) ಇದೇ ಪದವನ್ನು ಬಳಸಿದೆ. ಆ ವ್ಯಾಪಾರದಲ್ಲಿಯೂ ಮಾರಿದವರೂ ಕೊಂಡವರೂ ಒಪ್ಪಿಯೇ ಇದ್ದರು. ಒಪ್ಪಿದರೆಂಬ ಮಾತ್ರಕ್ಕೆ ಬೆಲೆ ನ್ಯಾಯವಾಗಲಿಲ್ಲ.

ಹಝ್ರತ್ ಜರೀರ್ ಬಿನ್ ಅಬ್ದುಲ್ಲಾ(ರ)ರ ಘಟನೆ ಪ್ರಸಿದ್ಧವಾದುದು. ಅವರ ಸೇವಕನು ಒಂದು ಕುದುರೆಯನ್ನು 300 ದಿರ್ಹಮ್‌ಗೆ ಕುದುರಿಸಿ, ಹಣ ಪಡೆಯಲು ಮಾಲೀಕನನ್ನು ಕರೆತಂದನು. ಕುದುರೆಯನ್ನು ನೋಡಿದ ಜರೀರ್(ರ), ಇದು 300ಕ್ಕಿಂತ ಹೆಚ್ಚಿನದು, 400ಕ್ಕೆ ಕೊಡುವೆಯಾ ಎಂದು ಮಾಲೀಕನನ್ನೇ ಕೇಳಿದರು. ಹೀಗೆ ನೂರು ನೂರಾಗಿ ತಾವೇ ಏರಿಸುತ್ತಾ ಹೋಗಿ 800ಕ್ಕೆ ಕೊಂಡರು. ಪ್ರತಿಯೊಬ್ಬ ಮುಸ್ಲಿಮನ ಹಿತವನ್ನು ಬಯಸುವೆನೆಂದು ತಾವು ಪ್ರವಾದಿ(ಸ)ರವರಿಗೆ ಪ್ರತಿಜ್ಞೆ ಮಾಡಿದ್ದೇ ಇದಕ್ಕೆ ಕಾರಣವೆಂದು ಹೇಳಿದರು. ಅವರ ಎತ್ತರವನ್ನು ನಾವು ಮುಟ್ಟಲಾರೆವು. ಆದರೆ ಆಸ್ಪತ್ರೆಯ ಬಿಲ್ಲಿಗಾಗಿ, ಮಗಳ ಮದುವೆಗಾಗಿ ಮನೆ ಮಾರುತ್ತಿರುವ ನೆರೆಯವರ ಮುಂದೆ, ಅವರು ಮುಸ್ಲಿಮರಾಗಿರಲಿ ಅಲ್ಲದಿರಲಿ, ಇನ್ನೂ ಐದು ಲಕ್ಷ ಇಳಿಸಿ ಎಂದು ಕೂರದಷ್ಟು ಸಂಯಮ ನಮ್ಮಿಂದ ಸಾಧ್ಯ. ಅನಾಥ ಮಕ್ಕಳ ಆಸ್ತಿಯಾದರಂತೂ ನಿಯಮ ಇನ್ನೂ ಕಠಿಣ. ಮೋಸವಿಲ್ಲದಿದ್ದರೂ ಅತಿಯಾದ ನಷ್ಟವಿದ್ದರೆ ಅನಾಥರ ಆಸ್ತಿಯ ಮಾರಾಟ ಊರ್ಜಿತವಲ್ಲವೆಂದು ಮಜಲ್ಲದ 356ನೇ ವಿಧಿ ಹೇಳುತ್ತದೆ.

ರಿಯಾಯಿತಿ ಪಡೆಯಲೇಬಾರದೆಂದು ಇದರ ಅರ್ಥವಲ್ಲ. ಹಝ್ರತ್ ಅಬೂ ರಾಫಿಅ್(ರ) ತಮ್ಮ ಎರಡು ಕೋಣೆಗಳನ್ನು ನೆರೆಯವರಾದ ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಕಂತುಗಳಲ್ಲಿ ನಾಲ್ಕು ಸಾವಿರಕ್ಕೆ ಕೊಟ್ಟ ಘಟನೆ ಬುಖಾರಿಯಲ್ಲಿದೆ. ಬೇರೆಯವರು 500 ದೀನಾರ್ ಕೊಡಲು ಸಿದ್ಧರಿದ್ದರು. ದೀನಾರಿಗೆ ಹತ್ತೇ ದಿರ್ಹಮ್ ಎಂದು ಹಿಡಿದರೂ ಅದು 5,000. ನೆರೆಯವನಿಗೆ ಹೆಚ್ಚಿನ ಹಕ್ಕಿದೆ ಎಂಬ ಪ್ರವಾದಿವಚನವನ್ನು ಕೇಳಿದ್ದರಿಂದಲೇ ಅವರು ಹಾಗೆ ಮಾಡಿದರು. ಗಮನಿಸಿ, ಅಬೂ ರಾಫಿಅ್(ರ)ರಿಗೆ ತಮ್ಮ ಕೋಣೆಗಳ ಬೆಲೆ ತಿಳಿದಿತ್ತು. ತಿಳಿದೂ ಬಿಟ್ಟುಕೊಟ್ಟದ್ದು ಔದಾರ್ಯ. ತಿಳಿಯದವರಿಂದ ಕಿತ್ತುಕೊಂಡದ್ದು ಬಖ್ಸ್.

ಮಾತು ಆಡುವ ಹೊತ್ತು

ಲೆಕ್ಕ ಮುಗಿದ ಮೇಲೆ ಮಾತು ಸುಲಭ. ಸುಮ್ಮನೆ ಅರ್ಧಕ್ಕೆ ಕೇಳಿ ಮಾರುವವರನ್ನು ಅವಮಾನಿಸಬೇಕಾಗಿಲ್ಲ. ನಾವು ಹೀಗೆ ಲೆಕ್ಕ ಹಾಕಿದ್ದೇವೆ, ನೆಲಕ್ಕೆ ಇಷ್ಟು, ಕಟ್ಟಡಕ್ಕೆ ಇಷ್ಟು, ತಾರಸಿಯ ರಿಪೇರಿಗೆ ಇಷ್ಟು, ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿ ಎಂದು ಗೌರವದಿಂದ ಹೇಳಿದರಾಯಿತು. ಅವರು ತೋರಿಸಿದ್ದು ಸರಿಯಾಗಿದ್ದರೆ ಬೆಲೆ ಏರಿಸಲು ಹಿಂಜರಿಯಬಾರದು. ಇಲ್ಲವಾದರೆ ಸಲಾಮ್ ಹೇಳಿ ಎದ್ದು ಬರಲು ನಾಚಬಾರದು. ಬೇರೆ ಯಾರೋ ಹೆಚ್ಚಿಗೆ ಕೇಳಿದ್ದಾರೆಂದು ಸುಳ್ಳು ಗಿರಾಕಿಯನ್ನು ನಿಲ್ಲಿಸುವುದನ್ನು ಪ್ರವಾದಿ(ಸ)ರವರು ನಿಷೇಧಿಸಿದ್ದಾರೆ. ಒಬ್ಬರೊಂದಿಗೆ ಬೆಲೆ ಕುದುರಿದ ಮೇಲೆ ಇನ್ನೊಬ್ಬರು ನಡುವೆ ಹಾಯುವುದನ್ನೂ ನಿಷೇಧಿಸಿದ್ದಾರೆ. ಕುದುರಿದ ಬೆಲೆಯನ್ನೇ ಪತ್ರದಲ್ಲಿ ಬರೆಯಿಸಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೂ ವಿರುದ್ಧ. ಸುಳ್ಳು ಬೆಲೆಯ ಪತ್ರವು ನಾಳೆ ಅದೇ ಬೀದಿಯಲ್ಲಿ ಮನೆ ಹುಡುಕುವ ಇನ್ನೊಬ್ಬ ಬಡವನ ದಾರಿಯನ್ನೂ ತಪ್ಪಿಸುತ್ತದೆ.

ನಮ್ಮ ಜಮಾಅತ್‌ಗಳಿಗೆ ಒಂದು ವಿನಂತಿ. ಪ್ರತಿ ಮೊಹಲ್ಲಾದಲ್ಲಿ ಒಬ್ಬ ಎಂಜಿನಿಯರ್, ಒಬ್ಬ ವಕೀಲ, ಒಬ್ಬ ಹಿರಿಯ ಮೇಸ್ತ್ರಿ ಇದ್ದೇ ಇರುತ್ತಾರೆ. ಈ ಮೂವರು ಸೇರಿ ಮನೆ ಕೊಳ್ಳುವವರಿಗೂ, ವಿಶೇಷವಾಗಿ ಮಾರಬೇಕಾಗಿ ಬಂದ ವಿಧವೆಯರಿಗೂ ವೃದ್ಧರಿಗೂ ಉಚಿತವಾಗಿ ಬೆಲೆ ಅಂದಾಜು ಮಾಡಿಕೊಟ್ಟರೆ ಎಷ್ಟೋ ಮನೆಗಳು ಅನ್ಯಾಯದಿಂದ ಉಳಿಯುತ್ತವೆ. ಪೂರ್ವಜರು ಹೇಳಿದ ಬೆಲೆಕಟ್ಟಬಲ್ಲ ಹಲವರೆಂದರೆ ಇವರೇ.

ಕೊಳ್ಳುವಾಗ ಪೂರ್ತಿ ಅಳೆದುಕೊಂಡು ಕೊಡುವಾಗ ಕಡಿಮೆ ಅಳೆಯುವವರಿಗೆ ವಿನಾಶವಿದೆಯೆಂದು ಅಲ್‌ಮುತಫ್ಫಿಫೀನ್ ಅಧ್ಯಾಯ ಆರಂಭದಲ್ಲೇ ಎಚ್ಚರಿಸುತ್ತದೆ. ಇಂದು ಮನೆ ಕೊಳ್ಳುವವನು ನಾಳೆ ಮನೆ ಮಾರುವವನೂ ಆಗಬಹುದು. ಎರಡೂ ದಿನ ಅವನ ಕೈಯಲ್ಲಿರುವ ತಕ್ಕಡಿ ಒಂದೇ ಆಗಿರಲಿ. ನಮ್ಮ ಮನೆಗಳನ್ನು ಹಲಾಲ್ ಸಂಪಾದನೆಯಿಂದಲೂ ನ್ಯಾಯವಾದ ಬೆಲೆಯಿಂದಲೂ ಕಟ್ಟಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.